ಒಳಮನೆಗೆ ಹಳೆಯ ರಹದಾರಿ

ಗಣಕಯಂತ್ರಕ್ಕೂ ಒಂದು ಒಳಮನೆಯುಂಟು. ಅದರ ಹೆಸರು ಕರ್ನಲ್. ಸ್ಮೃತಿಕೋಶ, ಕಡತ, ಕಾವಲು ಎಲ್ಲವೂ ಅದರ ಅಂಕೆಯಲ್ಲಿ. ನಾವು ದಿನವೂ ಬಳಸುವ ತಂತ್ರಾಂಶಗಳಿಗೆ ಅಲ್ಲಿ ಪ್ರವೇಶವಿಲ್ಲ. ಯಂತ್ರದ ಬಿಡಿಭಾಗಗಳನ್ನು ನಡೆಸುವ 'ಡ್ರೈವರ್'ಗಳಿಗೆ ಮಾತ್ರ ಆ ಸಲಿಗೆ.

ಯಂತ್ರದ ಫರ್ಮ್‌ವೇರನ್ನು ಹೊಸದಾಗಿಸಲೆಂದು ಡೆಲ್ ಕಂಪನಿ 2009ರಿಂದ ಇಂಥದೊಂದು ಡ್ರೈವರನ್ನು ಕಳುಹಿಸುತ್ತಿತ್ತು. ಬಂದ ಅಪ್ಪಣೆಯನ್ನು ಅದು ನೆರವೇರಿಸುತ್ತಿತ್ತೇ ಹೊರತು ಅಪ್ಪಣೆ ಕೊಟ್ಟವರು ಯಾರೆಂದು ವಿಚಾರಿಸುತ್ತಿರಲಿಲ್ಲ! ಯಾವ ಅಧಿಕಾರವೂ ಇಲ್ಲದ ಬಳಕೆದಾರನು ಅದರ ಮೂಲಕ ಕರ್ನಲ್ಲಿನ ಸ್ಮೃತಿಯನ್ನೇ ತಿದ್ದಬಹುದಾಗಿತ್ತು. ಸೆಂಟಿನೆಲ್‌ಒನ್ ಸಂಸ್ಥೆಯ ಸಂಶೋಧಕರು ಇದನ್ನು ಬಯಲಿಗೆ ತಂದದ್ದು 2021ರ ಮೇ ತಿಂಗಳಿನಲ್ಲಿ. ಅಷ್ಟರಲ್ಲಿ 12 ವರ್ಷಗಳು ಸಂದಿದ್ದುವು.

ಡೆಲ್ ತಿದ್ದಿದ ಡ್ರೈವರನ್ನೂ ಹಳೆಯದನ್ನು ಅಳಿಸುವ ಸಾಧನವನ್ನೂ ಒದಗಿಸಿತು. ಅಲ್ಲಿಗೆ ಕಥೆ ಮುಗಿಯಿತೆ? ಇಲ್ಲ. ಹಳೆಯ ಡ್ರೈವರಿನ ಮೇಲಿದ್ದ ಡಿಜಿಟಲ್ ಸಹಿ ಅಸಲಿಯದು. ವಿಂಡೋಸ್‌ನ ಕಾವಲುಗಾರ ನೋಡುವುದು ಸಹಿಯನ್ನು, ಗುಣವನ್ನಲ್ಲ. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಲಾಜರಸ್ ಎಂಬ ಕುಖ್ಯಾತ ತಂಡವು ನೆದರ್ಲೆಂಡ್ಸಿನ ವಿಮಾನೋದ್ಯಮದ ನೌಕರನೊಬ್ಬನಿಗೆ ಉದ್ಯೋಗದ ಆಮಿಷವೊಡ್ಡಿತು. ಯಂತ್ರದೊಳಗೆ ಹೊಕ್ಕಮೇಲೆ ಈ ಹಳೆಯ ಡ್ರೈವರನ್ನು ತಾನೇ ಹೊತ್ತು ತಂದು, ಕಾವಲಿನ ಕಣ್ಣು ಕಟ್ಟಿತು. ಡೆಲ್ ಯಂತ್ರವೇ ಬೇಕೆಂಬ ನಿರ್ಬಂಧವೂ ಈ ಉಪಾಯಕ್ಕಿಲ್ಲ.

ಆದುದರಿಂದ ತೇಪೆಗಿಂತ ಬಹಿಷ್ಕಾರವೇ ಮೇಲು. ದೋಷವುಳ್ಳ ಡ್ರೈವರ್‌ಗಳ ಪಟ್ಟಿಯೊಂದನ್ನು ಮೈಕ್ರೋಸಾಫ್ಟ್ ಇರಿಸಿಕೊಂಡಿದೆ. ವಿಂಡೋಸ್ 11ರ 2022ನೆಯ ಆವೃತ್ತಿಯಿಂದ ಅದು ತಾನಾಗಿಯೇ ಜಾರಿಯಲ್ಲಿರುತ್ತದೆ. ಪಟ್ಟಿಯಲ್ಲಿ ಇನ್ನೂ ಸೇರದ ಡ್ರೈವರನ್ನು ಅದು ತಡೆಯಲಾರದು, ನಿಜ. ಮನೆಯಲ್ಲಿ ಹಳೆಯ ಡೆಲ್ ಯಂತ್ರವಿದ್ದವರು ಕಂಪನಿಯ ಅಳಿಸುವ ಸಾಧನವನ್ನು ಒಮ್ಮೆ ನಡೆಸುವುದು ಲೇಸು: ಆ ಕಡತವು 'ಟೆಂಪ್' ಕೋಶದ ಮೂಲೆಯಲ್ಲಿ ಇನ್ನೂ ಉಳಿದಿರಬಹುದು.