ಹತ್ತು ರೂಪಾಯಿ ನಾಣ್ಯದ ಮೇಲೆ ಯಾಕಿಷ್ಟು ಮುನಿಸು?

ಬೇಸಿಗೆ ರಜೆಗೆ ಭದ್ರಾವತಿಯಿಂದ ಬಂದಿದ್ದ ಮೊಮ್ಮಗಳು ಒಂದು ಬೆಳಿಗ್ಗೆ ತನ್ನ ಮಣ್ಣಿನ ಹುಂಡಿ ಒಡೆದಳು. ವಿದ್ಯಾನಗರದ ನಮ್ಮ ಮನೆಯ ಜಗಲಿ ತುಂಬ ಹತ್ತು ರೂಪಾಯಿ ನಾಣ್ಯಗಳು ಉರುಳಾಡಿದವು. ಎಣಿಸಿದಳು. ಒಟ್ಟು 46 ನಾಣ್ಯ, 460 ರೂಪಾಯಿ! ಅವಳು ಆಸೆಪಟ್ಟಿದ್ದ ಒಂದು ಜೊತೆ ಶಟಲ್ ಬ್ಯಾಟಿಗೆ 450 ರೂಪಾಯಿ. ನಾಣ್ಯಗಳನ್ನು ಬಟ್ಟೆಯ ಚೀಲಕ್ಕೆ ತುಂಬಿಕೊಂಡು ಇಬ್ಬರೂ ಅಂಗಡಿಗೆ ಹೊರಟೆವು.

ಅಂಗಡಿಯವರು ಚೀಲ ನೋಡಿದ ಕೂಡಲೇ ಕೈಯಾಡಿಸಿದರು. "ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಹತ್ತರ ಕಾಯಿನ್ ಇಲ್ಲಿ ನಡೆಯಲ್ಲ. ನೋಟಿದ್ರೆ ಕೊಡಿ."

ದಾರಿಯಲ್ಲಿ ಮೊಮ್ಮಗಳು ಕೇಳಿದಳು: "ಅಜ್ಜಾ, ಇದು ಸುಳ್ಳು ದುಡ್ಡಾ?"

ಆ ಪ್ರಶ್ನೆ ನನಗೆ ಚುಚ್ಚಿತು. ಯಾಕೆಂದರೆ ಆ ನಾಣ್ಯಗಳಲ್ಲಿ ಮುಕ್ಕಾಲು ಪಾಲು ನಾನೇ ಕೊಟ್ಟವು. ಪ್ರೀತಿಯಿಂದ ಕೊಟ್ಟೆ ಎಂದು ಅವಳು ನಂಬಿದ್ದಳು. ನಿಜ ಹೇಳಬೇಕೆಂದರೆ, ತರಕಾರಿಯವರೂ ಹೂವಿನವರೂ ಬೇಡ ಎಂದ ನಾಣ್ಯಗಳನ್ನೇ ನಾನು ಅವಳ ಹುಂಡಿಗೆ ಹಾಕುತ್ತಿದ್ದೆ. ಜೇಬಿನಲ್ಲಿ ನೋಟೂ ನಾಣ್ಯವೂ ಇದ್ದರೆ ನೋಟನ್ನು ಇಟ್ಟುಕೊಂಡು ನಾಣ್ಯವನ್ನು ದಾಟಿಸಲು ನೋಡುವವರಲ್ಲಿ ನಾನೂ ಒಬ್ಬ.

ಮಕ್ಕಳೇ, ಮೊದಲು ಅವಳ ಪ್ರಶ್ನೆಗೆ ಉತ್ತರ. ಅದು ಸುಳ್ಳು ದುಡ್ಡಲ್ಲ. ಎರಡು ಲೋಹಗಳ ಹತ್ತರ ನಾಣ್ಯ ಸುಮಾರು 2009ರಿಂದ ಜನರ ಕೈಗೆ ಬರತೊಡಗಿತು. 2010ರಲ್ಲಿ ನಮ್ಮ ರೂಪಾಯಿಗೆ ₹ ಎಂಬ ಹೊಸ ಚಿಹ್ನೆ ಬಂತು. 2011ರಿಂದ ನಾಣ್ಯಗಳ ಮೇಲೂ ಅದು ಮೂಡಿತು. ಹೀಗಾಗಿ ಚಿಹ್ನೆ ಇರುವ ನಾಣ್ಯವೂ ಇದೆ, ಇಲ್ಲದ ನಾಣ್ಯವೂ ಇದೆ. ಸಂಸತ್ತಿಗೆ 60 ವರ್ಷ ತುಂಬಿದಾಗ ಒಂದು ವಿನ್ಯಾಸ, ಅಂಬೇಡ್ಕರ್ ಅವರ 125ನೇ ಜಯಂತಿಗೆ ಇನ್ನೊಂದು, ಯೋಗ ದಿನಕ್ಕೆ ಮತ್ತೊಂದು. ಒಂದರಂತೆ ಇನ್ನೊಂದಿಲ್ಲದ್ದನ್ನು ಕಂಡು ಜನರಿಗೆ ಅನುಮಾನ ಹುಟ್ಟಿತು. "ಗೆರೆ ಹತ್ತಿದ್ದರೆ ಅಸಲಿ, ಹದಿನೈದಿದ್ದರೆ ನಕಲಿ" ಎಂಬ ಗಾಳಿಮಾತು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಕೊನೆಗೆ 2018ರ ಜನವರಿ 17ರಂದು ಭಾರತೀಯ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿತು: ಅಲ್ಲಿಯವರೆಗೆ ಬಂದ 14 ವಿನ್ಯಾಸಗಳೂ ಅಸಲಿ, ಎಲ್ಲವೂ ಚಲಾವಣೆಯಲ್ಲಿವೆ. 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕೆ ಮೇಲಿನ ನಾಣ್ಯಗಳಲ್ಲಿ ಒಂದು ಸಲಕ್ಕೆ 1000 ರೂಪಾಯಿಯವರೆಗೆ ಕೊಡಬಹುದು.

ಕಾನೂನು ಹೀಗಿದ್ದರೂ ಅಂಗಡಿಯಲ್ಲಿ ಯಾಕೆ ನಡೆಯುವುದಿಲ್ಲ?

ಒಂದು ಕಾರಣ ಭಾರ. ಹತ್ತರ ಒಂದು ನಾಣ್ಯದ ತೂಕ 7.71 ಗ್ರಾಂ. ಮೊಮ್ಮಗಳ ಚೀಲದಲ್ಲಿದ್ದದ್ದು ಹೆಚ್ಚುಕಡಿಮೆ 350 ಗ್ರಾಂ. ಸಾವಿರ ರೂಪಾಯಿಯನ್ನು ಹತ್ತರ ನಾಣ್ಯದಲ್ಲಿ ಹೊತ್ತರೆ ಮುಕ್ಕಾಲು ಕಿಲೋ ಮೀರುತ್ತದೆ.

ಆದರೆ ದೊಡ್ಡ ಕಾರಣ ಬೇರೆ ಇದೆ. ಹತ್ತರ ನಾಣ್ಯ ಬಂತು, ಹತ್ತರ ನೋಟು ಹೋಗಲಿಲ್ಲ. 2018ರಲ್ಲಿ ಕೋನಾರ್ಕ್ ಸೂರ್ಯ ದೇಗುಲದ ಚಿತ್ರವಿರುವ ಹೊಸ ನೋಟೂ ಬಂತು. ಎರಡೂ ಇರುವಾಗ ಜನ ಹಗುರವಾದದ್ದನ್ನೇ, ಅಭ್ಯಾಸವಾದದ್ದನ್ನೇ ಕೇಳುತ್ತಾರೆ.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ಅಮೆರಿಕದಲ್ಲಿ 1979ರಲ್ಲಿ ಸೂಸನ್ ಆಂಟನಿ ಎಂಬ ಹೋರಾಟಗಾರ್ತಿಯ ಮುಖವಿರುವ ಡಾಲರ್ ನಾಣ್ಯ ಬಂತು. ನೋಡಲು ಅದು ಕಾಲು ಡಾಲರಿನ ನಾಣ್ಯದಂತೆಯೇ ಇತ್ತು, ಜನ ಗೊಂದಲಕ್ಕೆ ಬಿದ್ದರು. 2000ದಲ್ಲಿ ಹೊಂಬಣ್ಣದ ನಾಣ್ಯ ಬಂತು, 2007ರಿಂದ ಅಧ್ಯಕ್ಷರ ಮುಖವಿರುವ ನಾಣ್ಯಗಳು ಬಂದವು. ಕಾಗದದ ಡಾಲರ್ ಮಾತ್ರ ಹಾಗೆಯೇ ಇತ್ತು. ನಾಣ್ಯಗಳು ಖಜಾನೆಯಲ್ಲಿ ರಾಶಿ ಬಿದ್ದವು. 2011ರ ಕೊನೆಯಲ್ಲಿ ಜನಬಳಕೆಗೆ ಅವನ್ನು ಟಂಕಿಸುವುದನ್ನೇ ನಿಲ್ಲಿಸಿದರು. ಪಕ್ಕದ ಕೆನಡಾ 1987ರಲ್ಲಿ ಡಾಲರ್ ನಾಣ್ಯ ತಂದು, 1989ರಲ್ಲಿ ನೋಟು ಕೊಡುವುದನ್ನು ನಿಲ್ಲಿಸಿತು. ಅಲ್ಲಿ ನಾಣ್ಯ ಗೆದ್ದಿತು. ಬ್ರಿಟನ್ನಿನಲ್ಲೂ 1983ರಲ್ಲಿ ಪೌಂಡ್ ನಾಣ್ಯ ಬಂದು, 1988ರಲ್ಲಿ ನೋಟು ಹೋಯಿತು.

ನಮ್ಮಲ್ಲೂ ಹಾಗೆ ಆಗಿದೆ. ನನ್ನ ವಯಸ್ಸಿನವರಿಗೆ ಒಂದು, ಎರಡು, ಐದು ರೂಪಾಯಿಯ ಹರಕು ನೋಟುಗಳ ನೆನಪಿರಬೇಕು. 1994-95ರ ಹೊತ್ತಿಗೆ ಅವುಗಳ ಮುದ್ರಣ ನಿಂತಿತು. ಸಣ್ಣ ನೋಟು ಕೈಯಿಂದ ಕೈಗೆ ಹೋಗಿ ಬೇಗ ಸವೆಯುತ್ತದೆ, ನಾಣ್ಯವಾದರೆ ಹತ್ತಾರು ವರ್ಷ ಬಾಳುತ್ತದೆ ಎಂಬುದೇ ಇದರ ಹಿಂದಿನ ಲೆಕ್ಕ. ಮುಂದೆ ಒಂದು ಮತ್ತು ಐದರ ನೋಟುಗಳು ಆಗಾಗ ಮತ್ತೆ ಅಚ್ಚಾದರೂ ಜೇಬಿನ ಜಾಗ ನಾಣ್ಯದ ಪಾಲಾಗಿತ್ತು. ಇನ್ನೊಂದು ತಮಾಷೆ ನೋಡಿ. ನಾಲ್ಕಾಣೆಯನ್ನು ಸರ್ಕಾರವೇ 2011ರ ಜೂನ್ 30ಕ್ಕೆ ನಿಲ್ಲಿಸಿತು. ಎಂಟಾಣೆಗೆ ಕಾನೂನಿನ ಮಾನ್ಯತೆ ಈಗಲೂ ಇದೆ, ಆದರೆ ಕೊಟ್ಟರೆ ಯಾರು ತಗೊಳ್ಳುತ್ತಾರೆ?

ಇಷ್ಟೆಲ್ಲ ಕೇಳಿದ ಮೊಮ್ಮಗಳು ಅಂದಳು: "ಅಜ್ಜಾ, ನಮ್ಮ ಭದ್ರಾವತಿಯಲ್ಲಿ ಕಬ್ಬಿಣದ ಫ್ಯಾಕ್ಟರೀನೂ ಇತ್ತು, ಪೇಪರ್ ಫ್ಯಾಕ್ಟರೀನೂ ಇತ್ತಲ್ಲ. ಕಬ್ಬಿಣ ತಾನೇ ಗಟ್ಟಿ? ಇಲ್ಲಿ ಪೇಪರ್ ಹೇಗೆ ಗೆಲ್ತು?"

"ದುಡ್ಡಿನ ಗಟ್ಟಿತನ ಲೋಹದಲ್ಲೂ ಇಲ್ಲ, ಕಾಗದದಲ್ಲೂ ಇಲ್ಲ ಪುಟ್ಟಿ. ಮುಂದಿನವನು ತಗೊಳ್ತಾನೆ ಅನ್ನೋ ನಂಬಿಕೆಯಲ್ಲಿದೆ" ಅಂದೆ.

ಅನ್ನುವುದು ಸುಲಭ. ನಂಬಿಕೆ ಕೆಡಿಸಿದವರಲ್ಲಿ ನಾನೂ ಇದ್ದೆನಲ್ಲ! ಸಂಜೆ ಮತ್ತೆ ಅದೇ ಅಂಗಡಿಗೆ ಹೋದೆವು. ಅಂಗಡಿಯವರು ಹೇಳಿದ್ದೂ ಇದನ್ನೇ. "ನನಗೇನು ದ್ವೇಷವೇ ಮೇಷ್ಟ್ರೇ? ನಾನು ತಗೊಂಡ್ರೆ ಮುಂದೆ ಯಾರಿಗೆ ಕೊಡ್ಲಿ?"

"ಬ್ಯಾಂಕಿನವರು ತಗೊಳ್ಳಲೇಬೇಕು. ಜೊತೆಗೆ, ಇನ್ನು ಮೇಲೆ ನನಗೆ ಚಿಲ್ಲರೆ ಕೊಡುವಾಗ ಹತ್ತರ ನಾಣ್ಯವನ್ನೇ ಕೊಡಿ, ಬೇಡ ಅನ್ನಲ್ಲ" ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ 25 ನಾಣ್ಯ ತೆಗೆದುಕೊಂಡರು. ಉಳಿದ 200 ರೂಪಾಯಿಗೆ ನಾನು ನೋಟು ಕೊಟ್ಟು, ಮೊಮ್ಮಗಳ 20 ನಾಣ್ಯಗಳನ್ನು ನನ್ನ ಜೇಬಿಗೆ ಹಾಕಿಕೊಂಡೆ. ಅವಳ ಬಳಿ ಒಂದು ಉಳಿಯಿತು.

ವಾರವಿಡೀ ಆ 20 ನಾಣ್ಯಗಳನ್ನು ಖರ್ಚು ಮಾಡಲು ಹೊರಟೆ. ತರಕಾರಿಯವರು ಮೊದಲು ಬೇಡ ಎಂದು, ರಿಸರ್ವ್ ಬ್ಯಾಂಕಿನ ಮಾತು ಹೇಳಿದ ಮೇಲೆ ಎರಡು ತಗೊಂಡರು. ಹೂವಿನವರು ಒಪ್ಪಲೇ ಇಲ್ಲ. ಹಾಲಿನವರು ಮಾತಿಲ್ಲದೆ ಐದು ಇಸಿದುಕೊಂಡರು. ಒಂಬತ್ತು ಇನ್ನೂ ನನ್ನ ಜೇಬಿನಲ್ಲಿವೆ. ಓದುವ ಅಜ್ಜ ಅಜ್ಜಿಯರೇ, ನಿಮ್ಮ ಡಬ್ಬಿಯಲ್ಲೂ ಒಂದಷ್ಟಿರಬೇಕು. ಅವುಗಳನ್ನು ಮೊಮ್ಮಕ್ಕಳ ಹುಂಡಿಗೆ ದಾಟಿಸಬೇಡಿ. ನೀವೇ ಖರ್ಚು ಮಾಡಿ, ಕೊಟ್ಟವರಿಂದ ತಗೊಳ್ಳಿ.

ರಜೆ ಮುಗಿದು ಅವಳನ್ನು ಭದ್ರಾವತಿಗೆ ಬಿಡಲು ಬಸ್ ಹತ್ತಿದೆವು. ಮುಂದಿನ ಸೀಟಿನವರಿಗೆ ಕಂಡಕ್ಟರ್ ಚಿಲ್ಲರೆಯಾಗಿ ಹತ್ತರ ನಾಣ್ಯ ಕೊಟ್ಟರು. "ಇದು ಬೇಡ, ನೋಟ್ ಕೊಡಿ" ಎಂದು ಅವರು ಜಗಳಕ್ಕೆ ನಿಂತರು.

ಮೊಮ್ಮಗಳು ಅಜ್ಜಿ ಕೊಟ್ಟಿದ್ದ ಹತ್ತರ ನೋಟನ್ನು ಚೀಲದಿಂದ ತೆಗೆದು ಮುಂದಕ್ಕೆ ಬಾಗಿದಳು.

"ಅಂಕಲ್, ಈ ನೋಟು ನೀವು ತಗೊಳ್ಳಿ. ಆ ನಾಣ್ಯ ನಂಗೆ ಕೊಡಿ. ಅದು ಅಸಲಿ."