ಹೆಲ್ಮೆಟ್ ಇಲ್ಲದ ಕಳ್ಳ

2019ರ ಜನವರಿ 1ರಿಂದ ಪುಣೆ ಪೊಲೀಸರು ಹೆಲ್ಮೆಟ್ ನಿಯಮವನ್ನು ಬಿಗಿಯಾಗಿ ಜಾರಿ ಮಾಡಲು ಹೊರಟಾಗ ಊರು ಸಿಡಿದೆದ್ದಿತು. ಹೆಲ್ಮೆಟ್ ಬದಲು ಪುಣೇರಿ ಪಗಡಿ ತೊಟ್ಟು ಮೆರವಣಿಗೆ ಹೊರಟವರೂ ಇದ್ದರು. ಕತ್ತು ನೋಯುತ್ತದೆ, ಕೂದಲು ಉದುರುತ್ತದೆ, ಸದಾಶಿವ ಪೇಟೆಯ ಗಲ್ಲಿಯಲ್ಲಿ ತೆವಳುವ ಗಾಡಿಗೆ ಹೆಲ್ಮೆಟ್ ಯಾಕೆ ಎಂದು ವಾದಗಳು ನಡೆದವು. ತಲೆ ಉಳಿಯುತ್ತದೆ ಎಂದು ಎದುರು ಪಕ್ಷ ಹೇಳಿತು. ಈ ಜಟಾಪಟಿಯಲ್ಲಿ ನನ್ನ ಕಿವಿಗೆ ಬೀಳದೇ ಹೋದ ಸಂಗತಿ ಒಂದಿದೆ. ಹೆಲ್ಮೆಟ್ ನಿಯಮ ನಿಜವಾಗಿ ಜಾರಿಯಾದಲ್ಲಿ ಬೈಕು ಕಳವು ಇಳಿಯುತ್ತದೆ.

ಇದು ಪಶ್ಚಿಮ ಜರ್ಮನಿಯಲ್ಲಿ ಕಂಡುಬಂದ ವಿಷಯ. ಅಲ್ಲಿ ಹೆಲ್ಮೆಟ್ ಕಡ್ಡಾಯವಾಗಿ ಕೆಲವು ವರ್ಷ ಕಳೆದಿದ್ದರೂ 1980ರಲ್ಲಿ ಮಾತ್ರ ಸ್ಥಳದಲ್ಲೇ ದಂಡ ಹಾಕುವ ಪದ್ಧತಿ ಬಂತು. ಆ ವರ್ಷ ಸುಮಾರು ಒಂದೂವರೆ ಲಕ್ಷ ಇದ್ದ ಮೋಟಾರ್ ಸೈಕಲ್ ಕಳವು 1986ರ ಹೊತ್ತಿಗೆ ಹೆಚ್ಚೂಕಡಿಮೆ ಮೂರನೇ ಒಂದು ಭಾಗಕ್ಕೆ ಇಳಿಯಿತು. ಪ್ಯಾಟ್ ಮೇಹ್ಯೂ, ರೊನಾಲ್ಡ್ ಕ್ಲಾರ್ಕ್ ಮತ್ತು ಡೇವಿಡ್ ಎಲಿಯಟ್ ಎಂಬ ಅಪರಾಧ ಸಂಶೋಧಕರು 1989ರಲ್ಲಿ ಈ ಲೆಕ್ಕವನ್ನು ಬಿಡಿಸಿ ನೋಡಿದರು. ಬೈಕು ಬಿಟ್ಟ ಕಳ್ಳರು ಕಾರಿಗೋ ಸೈಕಲ್ಲಿಗೋ ಕೈ ಹಾಕಿರಬೇಕಲ್ಲ ಎಂದು ಯಾರಿಗಾದರೂ ಅನಿಸುವುದು ಸಹಜ. ಹಾಗೇನೂ ಆಗಿರಲಿಲ್ಲ. ಕಾರು ಕಳವು ಕೊಂಚ ಏರಿತ್ತು, ಆದರೆ ಬೈಕಿನಲ್ಲಿ ಇಳಿದಷ್ಟು ಅಲ್ಲಿ ಏರಿರಲಿಲ್ಲ. ಸೈಕಲ್ ಕಳವು ನಡುವೆ ಏರಿದರೂ 1986ರ ಹೊತ್ತಿಗೆ ಮತ್ತೆ ಇಳಿದಿತ್ತು. ಸಾವಿರಾರು ಕಳವುಗಳು ನಡೆಯದೆಯೇ ಹೋಗಿದ್ದವು.

ಕಾರಣ ಬಹಳ ಸರಳ. ಬೈಕು ಕದಿಯುವವರಲ್ಲಿ ಬಹುಪಾಲು ಜನ ಅದಕ್ಕೆಂದೇ ಮನೆಯಿಂದ ಹೊರಡುವುದಿಲ್ಲ. ದಾರಿಯಲ್ಲಿ ಕೀಲಿ ಬಿಟ್ಟ ಗಾಡಿ ಕಾಣುತ್ತದೆ, ಕೈ ತುರಿಸುತ್ತದೆ. ಅಂಥವನ ಕೈಯಲ್ಲಿ ಹೆಲ್ಮೆಟ್ ಇರುವುದಿಲ್ಲ. ಬರಿತಲೆಯಲ್ಲಿ ಹೊರಟರೆ ಮೊದಲ ಚೌಕದಲ್ಲೇ ಪೊಲೀಸರು ಕೈ ಅಡ್ಡ ಹಿಡಿಯುತ್ತಾರೆ. ಈ ಕಾರಣಕ್ಕೇ, ಮನಸ್ಸು ಮಾಡಿದ ಕಳ್ಳನನ್ನು ಯಾವ ಬೀಗವೂ ತಡೆಯದು ಎಂದು ನಾವು ಆಡುವ ಮಾತು ನನಗೆ ಅಷ್ಟು ಒಪ್ಪಿಗೆಯಿಲ್ಲ. ಮನಸ್ಸು ಮಾಡಿದ ಕಳ್ಳರ ಸಂಖ್ಯೆ ಕಡಿಮೆ. ಇನ್ನೂ ಮನಸ್ಸು ಮಾಡದವರೇ ಹೆಚ್ಚು, ಬೀಗ ಇರುವುದು ಅವರಿಗಾಗಿ.

ಹಾಗಾದರೆ ನಮ್ಮ ಬೈಕುಗಳ ಹ್ಯಾಂಡಲ್ ಲಾಕ್ ಎಷ್ಟರ ಮಟ್ಟಿನದು? ಸ್ವಲ್ಪ ಲೆಕ್ಕ ಹಾಕೋಣ. ಹ್ಯಾಂಡಲ್ಲಿನ ಒಂದು ತುದಿ ನಡುವಿನ ಕಂಬದಿಂದ ಸುಮಾರು 35 ಸೆಂಟಿಮೀಟರ್ ದೂರ. ಅದರ ಮೇಲೆ 50 ಕಿಲೋ ತೂಕದಷ್ಟು, ಅಂದರೆ ಸುಮಾರು 500 ನ್ಯೂಟನ್ ಬಲ ಬಿದ್ದರೆ ತಿರುಚು ಬಲ 175 ನ್ಯೂಟನ್ ಮೀಟರ್ ಆಗುತ್ತದೆ. ಬೀಗದ ಕಡ್ಡಿ ಕೂತಿರುವುದು ಅದೇ ಕಂಬದಿಂದ ಮೂರು ಸೆಂಟಿಮೀಟರ್ ಆಚೆ ಎಂದಿಟ್ಟುಕೊಳ್ಳಿ. 175ನ್ನು 0.03ರಿಂದ ಭಾಗಿಸಿದರೆ ಸುಮಾರು 5,800 ನ್ಯೂಟನ್, ಅಂದರೆ ಆರುನೂರು ಕಿಲೋ ತೂಗುವ ವಸ್ತುವೊಂದು ಆ ಪುಟ್ಟ ಕಡ್ಡಿಯ ಮೇಲೆ ಕೂತಂತೆ. ಭಾರದ ಬಂಡೆಯನ್ನು ಹಾರೆಯಿಂದ ಎತ್ತುವ ಸನ್ನೆಕೋಲಿನ ತತ್ವವೇ ಇಲ್ಲಿ ಕಳ್ಳನ ಪರವಾಗಿ ಕೆಲಸ ಮಾಡುತ್ತದೆ. ಕಡ್ಡಿ ಉಕ್ಕಿನದೇ ಇರಬಹುದು, ಆದರೆ ಅದನ್ನು ಹಿಡಿದುಕೊಂಡ ಬೀಗದ ಮೈ ಅನೇಕ ಗಾಡಿಗಳಲ್ಲಿ ಎರಕದ ಮೆದು ಲೋಹ. ಒಂದು ಗಟ್ಟಿ ಒದೆತಕ್ಕೆ ಅದು ಬಿರುಕು ಬಿಡುತ್ತದೆ.

ಮುಂದಿನ ಚಕ್ರದ ಮೂಲಕ ಹಾಯಿಸಿ ನೆಲದಲ್ಲಿ ಹೂತ ಕಂಬಕ್ಕೆ ಬಿಗಿದ ಸರಪಳಿ ಇದಕ್ಕಿಂತ ಮೇಲು ಅನ್ನುವುದು ಇದೇ ಕಾರಣಕ್ಕೆ. ಅಲ್ಲಿ ಹಾರೆಯಂತೆ ಬಳಸಲು ಉದ್ದನೆಯ ಹಿಡಿ ಸಿಗುವುದಿಲ್ಲ. ಕಡಿಯಲು ಉಪಕರಣ ಬೇಕು, ಉಪಕರಣಕ್ಕೆ ಸದ್ದಿದೆ, ಸದ್ದಿಗೆ ಎದುರು ಮನೆಯ ಅಜ್ಜಿ ಕಿಟಕಿ ತೆಗೆಯುತ್ತಾರೆ. ಡಿಸ್ಕ್ ಲಾಕ್ ಹಗುರ, ಒಯ್ಯಲು ಸುಲಭ, ಆದರೆ ಗಾಡಿಯನ್ನೇ ಎತ್ತಿ ಟೆಂಪೋಗೆ ಹಾಕಿಕೊಂಡು ಹೋಗುವವರನ್ನು ಅದು ತಡೆಯದು. ಒಂದೇ ಬಗೆಯ ಎರಡು ಬೀಗಕ್ಕಿಂತ ಎರಡು ಬಗೆಯ ಒಂದೊಂದು ಬೀಗ ವಾಸಿ. ಎರಡಕ್ಕೂ ಬೇಕಾದ ಉಪಕರಣಗಳನ್ನು ಹೊತ್ತು ತಿರುಗುವ ಕಳ್ಳರು ಕಡಿಮೆ.

ಕಾರಿನ ಕಥೆ ಬೇರೆ. ಇಂದಿನ ಕಾರಿನ ಕೀಲಿಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಚಿಪ್ ಇದೆ. ಅದಕ್ಕೆ ಸ್ವಂತ ಬ್ಯಾಟರಿ ಬೇಕಿಲ್ಲ. ಕೀಲಿ ತಿರುಗಿಸಿದಾಗ ಬೀಗದ ಸುತ್ತಲಿನ ತಂತಿ ಸುರುಳಿ ಸುಮಾರು 125 ಕಿಲೋಹರ್ಟ್ಸ್‌ನ ಕಾಂತಕ್ಷೇತ್ರ ಹೊರಡಿಸುತ್ತದೆ, ಚಿಪ್ ಅದರಿಂದಲೇ ವಿದ್ಯುತ್ ಪಡೆದು ಎಚ್ಚರಗೊಳ್ಳುತ್ತದೆ. ಕಾರು ಒಂದು ಸಂಖ್ಯೆ ಕೊಡುತ್ತದೆ, ಚಿಪ್ ತನ್ನೊಳಗಿನ ಗುಟ್ಟಿನ ಸಂಖ್ಯೆಯೊಂದಿಗೆ ಅದನ್ನು ಕಲಸಿ ಉತ್ತರ ಕೊಡುತ್ತದೆ. ಉತ್ತರ ತಪ್ಪಾದರೆ ಎಂಜಿನ್ನಿಗೆ ಇಂಧನ ಹೋಗದು. ಇಮ್ಮೊಬಿಲೈಸರ್ ಎಂದರೆ ಇದೇ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ. ನೆದರ್‌ಲ್ಯಾಂಡ್ಸ್‌ನ 1995ರಿಂದ 2008ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ವಾನ್ ಔರ್ಸ್ ಮತ್ತು ವೊಲಾರ್ಡ್, ಇದರಿಂದ ಕಾರು ಕಳವು ಸರಾಸರಿ ಶೇ 40ರಷ್ಟು ತಗ್ಗಿತು ಎಂದು ಅಂದಾಜು ಮಾಡಿದ್ದಾರೆ. ಒಂದು ಚಿಪ್ಪಿಗೆ ಇದು ಸಣ್ಣ ಸಾಧನೆಯಲ್ಲ.

ನಮ್ಮಲ್ಲಿ 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಸಾಮಾನ್ಯ ಬೈಕು, ಸ್ಕೂಟರುಗಳಿಗೂ ಇಂಧನವನ್ನು ಅಳೆದು ಸುರಿಯುವ ಕಂಪ್ಯೂಟರ್ ಬಂದಿದೆ. ಕೀಲಿ ಸರಿಯಿದೆಯೇ ಎಂದು ಕೇಳುವ ಕೆಲಸವನ್ನೂ ಅದಕ್ಕೇ ವಹಿಸಬಹುದು. ಆದರೂ ದುಬಾರಿ ಮಾದರಿಗಳನ್ನು ಬಿಟ್ಟರೆ ಆ ಸೌಲಭ್ಯ ಅಪರೂಪ. ದೇಶದ ವಾಹನ ಪರೀಕ್ಷೆಯ ದೊಡ್ಡ ಸಂಸ್ಥೆ ಎಆರ್‌ಎಐ 1966ರಿಂದ ಪುಣೆಯಲ್ಲಿದೆ. ವೇತಾಳ ಟೇಕಡಿ ಎಂಬ ಗುಡ್ಡದ ಮೇಲಿರುವ ಅದರ ಕಟ್ಟಡಗಳ ಕೆಳಗೇ ಕೋಥ್ರೂಡ್‌ನ ಸಾಲು ಸಾಲು ಬೈಕುಗಳು ಹ್ಯಾಂಡಲ್ ಲಾಕ್ ಒಂದನ್ನೇ ನಂಬಿ ರಾತ್ರಿ ಕಳೆಯುತ್ತವೆ ಅನ್ನುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಚಿಪ್ ಇದ್ದ ಮಾತ್ರಕ್ಕೆ ನಿಶ್ಚಿಂತೆ ಎಂದೂ ಅಲ್ಲ. ಜೇಬಿನಲ್ಲಿ ಕೀಲಿ ಇದ್ದರೆ ಸಾಕು, ಬಾಗಿಲು ತಾನೇ ತೆರೆಯುವ ಕಾರುಗಳಿವೆಯಲ್ಲ, ಅವುಗಳ ದುರ್ಬಲ ಜಾಗವನ್ನು 2011ರಲ್ಲಿ ಜೂರಿಕ್‌ನ ಇಟಿಎಚ್‌ನ ಸಂಶೋಧಕರು ಹತ್ತು ಮಾದರಿಗಳ ಮೇಲೆ ತೋರಿಸಿಕೊಟ್ಟರು. ಕೀಲಿ ಒಂದೆರಡು ಮೀಟರ್ ಒಳಗಿದ್ದರೆ ಮಾತ್ರ ಕಾರಿನ ಕರೆ ಅದಕ್ಕೆ ಕೇಳಿಸುತ್ತದೆ, ಆದ್ದರಿಂದ ಉತ್ತರ ಬಂದರೆ ಯಜಮಾನ ಪಕ್ಕದಲ್ಲಿದ್ದಾನೆ ಎಂಬುದು ತಯಾರಕರ ನಂಬಿಕೆ. ಕಾರಿನ ಬಳಿ ಒಬ್ಬ, ಮನೆಬಾಗಿಲ ಬಳಿ ಇನ್ನೊಬ್ಬ ನಿಂತು ಆ ಕರೆಯನ್ನು ಹಿಗ್ಗಿಸಿ ದಾಟಿಸಿದರೆ ಗುಟ್ಟಿನ ಸಂಖ್ಯೆ ತಿಳಿಯದೆಯೇ ಕೆಲಸ ಮುಗಿಯುತ್ತದೆ. ಇದಕ್ಕೆ ಬಂದಿರುವ ಹೊಸ ಮದ್ದು ಕಾಲವನ್ನು ಅಳೆಯುವುದು. ಬೆಳಕಿನ ವೇಗದಲ್ಲಿ ಓಡುವ ಸಂಕೇತ ಒಂದು ನ್ಯಾನೋಸೆಕೆಂಡಿನಲ್ಲಿ 30 ಸೆಂಟಿಮೀಟರ್ ಸಾಗುತ್ತದೆ. ಉತ್ತರ ಬರಲು ಕೆಲವೇ ನ್ಯಾನೋಸೆಕೆಂಡ್ ತಡವಾದರೂ ಕೀಲಿ ದೂರದಲ್ಲಿದೆ ಎಂದು ಕಾರಿಗೆ ತಿಳಿಯುತ್ತದೆ. ಸಂಕೇತವನ್ನು ಹಿಗ್ಗಿಸಬಹುದು, ಅದರ ದಾರಿಯನ್ನು ಕುಗ್ಗಿಸಲಾಗದು. ಈ ತಂತ್ರ ಇಲ್ಲದ ಕಾರಿನವರು ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕದೆ ಬಿಗಿ ಮುಚ್ಚಳದ ಲೋಹದ ಡಬ್ಬಿಯಲ್ಲಿ ಇಡಬಹುದು. ಡಬ್ಬಿ ಸರಿಯಿದೆಯೇ ಎಂದು ನೋಡಲು ಅದನ್ನೇ ಹಿಡಿದು ಕಾರಿನ ಪಕ್ಕ ನಿಂತು ಬಾಗಿಲು ಎಳೆದರಾಯಿತು.

ಇಷ್ಟೆಲ್ಲ ಮಾಡಿಯೂ ಬೆಳಿಗ್ಗೆ ಎದ್ದು ನೋಡಿದರೆ ಗಾಡಿ ಇಲ್ಲ. ಪುಣೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಟ್ರಾಫಿಕ್ ಪೊಲೀಸರ ಟೋಯಿಂಗ್ ವ್ಯಾನ್ ಒಯ್ದಿದೆಯೇ? ನೋ ಪಾರ್ಕಿಂಗ್ ಬೋರ್ಡಿನ ಕೆಳಗೆ ನಿಲ್ಲಿಸಿ ಕಳವಾಯಿತೆಂದು ಗಾಬರಿಪಟ್ಟವರು ಕಡಿಮೆಯೇನಿಲ್ಲ. ಹಾಗಲ್ಲ ಎಂದಾದರೆ ಕೂಡಲೇ 112ಕ್ಕೆ ಫೋನು, ಆಮೇಲೆ ಠಾಣೆ. ಕಾರಾದರೆ ಫಾಸ್ಟ್ಯಾಗ್ ಅನ್ನು ಆತುರದಲ್ಲಿ ಬಂದ್ ಮಾಡಿಸಬೇಡಿ. ದಕ್ಷಿಣಕ್ಕೆ ಓಡಿದ ಕಾರು ಖೇಡ್ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ ಟೋಲುಗಳನ್ನು ದಾಟಿ ಕೊಗನೊಳ್ಳಿಯಲ್ಲಿ ಕರ್ನಾಟಕಕ್ಕೆ ಕಾಲಿಡುವಾಗ, ಹಣ ಕಡಿತದ ಒಂದೊಂದು ಮೆಸೇಜೂ ಪೊಲೀಸರಿಗೆ ದಾರಿ ತೋರಿಸುತ್ತದೆ. ಕಳ್ಳ ಆ ಸ್ಟಿಕರನ್ನು ಕಿತ್ತೆಸೆದಿಲ್ಲವಾದರೆ, ಅಷ್ಟೇ. ಬೈಕಿಗೆ ಟೋಲ್ ಇಲ್ಲದ್ದರಿಂದ ಈ ಸುಳಿವೂ ಇಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ನಮ್ಮ ಹದ್ದಿಗೆ ಬರುವುದಿಲ್ಲ, ಆ ಠಾಣೆಗೆ ಹೋಗಿ ಎಂಬ ಉತ್ತರಕ್ಕೆ ಈಗ ಕಾನೂನಿನ ಬೆಂಬಲವಿಲ್ಲ. ವಿಮೆ ಕಂಪನಿಗೂ ಅದೇ ದಿನ ತಿಳಿಸುವುದು ಒಳ್ಳೆಯದು. ಒಂದು ವೇಳೆ ತಡವಾದರೂ, ಎಫ್‌ಐಆರ್ ತಕ್ಷಣ ಆಗಿದ್ದಲ್ಲಿ ಆ ಒಂದೇ ನೆಪದಿಂದ ಕ್ಲೇಮು ತಿರಸ್ಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಗುರ್ಶಿಂದರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಥರ್ಡ್ ಪಾರ್ಟಿ ವಿಮೆಯೊಂದೇ ಇದ್ದವರಿಗೆ ಈ ಯಾವ ತೀರ್ಪೂ ಉಪಯೋಗವಿಲ್ಲ. ಅದು ಕಳವಿಗೆ ದಮ್ಮಡಿ ಕೊಡುವುದಿಲ್ಲ. ಪೂರ್ಣ ವಿಮೆ ಇದ್ದರೂ ಸವಕಳಿ ಕಳೆದು ಬರುವ ಮೊತ್ತವಷ್ಟೇ ಸಿಗುತ್ತದೆ: ಮೂರರಿಂದ ನಾಲ್ಕು ವರ್ಷದ ಗಾಡಿಗೆ ಪಟ್ಟಿ ಬೆಲೆಯಲ್ಲಿ ಶೇ 40 ಕಡಿತ. ವಿಮೆಯವರು ಎರಡೂ ಕೀಲಿಗಳನ್ನು ಕೇಳುತ್ತಾರೆ, ಆದ್ದರಿಂದ ಎರಡನೆಯದು ಎಲ್ಲಿದೆಯೆಂದು ಇವತ್ತೇ ಹುಡುಕಿಟ್ಟುಕೊಳ್ಳಿ. ಜೊತೆಗೆ ಗಾಡಿ ಪತ್ತೆಯಾಗಲಿಲ್ಲ ಎಂಬ ಪೊಲೀಸರ ಅಂತಿಮ ವರದಿಯೂ ಬೇಕು. ಕರ್ನಾಟಕದಲ್ಲಿ ಸಿ ರಿಪೋರ್ಟ್ ಎನ್ನುವುದನ್ನು ಮಹಾರಾಷ್ಟ್ರದಲ್ಲಿ ಎ ಸಮರಿ ಎನ್ನುತ್ತಾರೆ. ಹುಬ್ಬಳ್ಳಿಯ ಭಾವ ಫೋನಿನಲ್ಲಿ ಹೇಳಿದ ಹೆಸರು ಹಿಡಿದು ಪುಣೆಯ ಠಾಣೆಯಲ್ಲಿ ಕೇಳಿದರೆ ಎದುರಿನವರು ಮುಖ ನೋಡಿಯಾರು.

ಇತ್ತ ಕಳ್ಳನಿಗೂ ಕೆಲಸ ಮುಗಿದಿರುವುದಿಲ್ಲ. ಗಾಡಿಯನ್ನು ಬಿಡಿಭಾಗ ಮಾಡದೆ ಇಡಿಯಾಗಿ ಮಾರಬೇಕೆಂದರೆ ಅದರ ಗುರುತು ಅಳಿಸಬೇಕು. ನಂಬರ್ ಪ್ಲೇಟ್ ತೆಗೆಯುವುದು ಸುಲಭ. ಅದಕ್ಕೇ ಈಗಿನ ಎಚ್‌ಎಸ್‌ಆರ್‌ಪಿಯಲ್ಲಿ ಅಶೋಕ ಚಕ್ರದ ಹಾಲೊಗ್ರಾಂ, ಲೇಸರ್‌ನಲ್ಲಿ ಕೊರೆದ ಹತ್ತು ಅಂಕೆ, ಒಮ್ಮೆ ತೆಗೆದರೆ ಮತ್ತೆ ಕೂರದ ಲಾಕ್ ಇರುವುದು. ಕಷ್ಟದ್ದು ಚಾಸಿಸ್ ನಂಬರ್. ಹದಿನೇಳು ಅಕ್ಷರ-ಅಂಕೆಗಳ ಈ ಸಾಲಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದೇ ಇಲ್ಲ, ಒಂದು ಮತ್ತು ಸೊನ್ನೆಯೊಂದಿಗೆ ಗೊಂದಲ ಆಗದಿರಲೆಂದು. ಮೊದಲ ಮೂರು ತಯಾರಕರ ಗುರುತು: ಎಂಡಿ2 ಎಂದಿದ್ದರೆ ಬಜಾಜ್.

ಇದನ್ನು ಉಜ್ಜಿ ಸಪಾಟು ಮಾಡಿದರೆ ಅಳಿಯಿತು ಎಂದು ಕಳ್ಳ ತಿಳಿಯುತ್ತಾನೆ. ಲೋಹದ ಸ್ವಭಾವ ಹಾಗಿಲ್ಲ. ಅಚ್ಚನ್ನು ಉಕ್ಕಿನ ಮೇಲೆ ಒತ್ತಿದಾಗ ಕಣ್ಣಿಗೆ ಕಾಣುವ ತಗ್ಗಿನ ಕೆಳಗೂ ಹರಳುಗಳು ನಜ್ಜುಗುಜ್ಜಾಗಿರುತ್ತವೆ, ಪರಮಾಣುಗಳ ಸಾಲುಗಳು ಸ್ಥಾನ ತಪ್ಪಿರುತ್ತವೆ. ಹಾಗೆ ನೊಂದ ಲೋಹದಲ್ಲಿ ಹೆಚ್ಚುವರಿ ಶಕ್ತಿ ಅಡಗಿದ್ದು, ಆಮ್ಲಕ್ಕೆ ಸಿಕ್ಕಾಗ ಅದು ಸುತ್ತಲಿನ ಲೋಹಕ್ಕಿಂತ ಬೇಗ ಕರಗುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದವರು ಆ ಜಾಗವನ್ನು ಕನ್ನಡಿಯಂತೆ ನಯಗೊಳಿಸಿ, ತಾಮ್ರದ ಕ್ಲೋರೈಡ್ ಮತ್ತು ಹೈಡ್ರೊಕ್ಲೋರಿಕ್ ಆಮ್ಲದ ಮಿಶ್ರಣವನ್ನು ಹತ್ತಿಯಿಂದ ಮೆತ್ತಗೆ ಸವರುತ್ತಾರೆ. ಫ್ರೈ ದ್ರಾವಣ ಎಂದು ಅದರ ಹೆಸರು. ಸವರುತ್ತ ಹೋದಂತೆ ಮಸುಕಾಗಿ ಒಂದು 8ರ ಬಾಗು, ಒಂದು 4ರ ಕೋನ ಏಳುತ್ತದೆ. ಕೆಲವು ಅಂಕೆಗಳು ಕಂಡು ಮಾಯವಾಗುವುದರಿಂದ ಕ್ಯಾಮೆರಾ ಸಿದ್ಧವಿರಬೇಕು. ನಜ್ಜಾದ ಪದರ ಪೂರ್ತಿ ಹೋಗುವಷ್ಟು ಆಳಕ್ಕೆ ಉಜ್ಜಿದ್ದರೆ, ಅಥವಾ ಕೆಂಪಗೆ ಕಾಯಿಸಿದ್ದರಿಂದ ಹರಳುಗಳು ಮರುಜೋಡಣೆಯಾಗಿದ್ದರೆ ಏನೂ ಏಳದು. ಎಂಜಿನ್ ಬ್ಲಾಕಿನ ಎರಕದ ಕಬ್ಬಿಣವೂ ಸತಾಯಿಸುತ್ತದೆ.

ಸೆಕೆಂಡ್‌ಹ್ಯಾಂಡ್ ಗಾಡಿ ಕೊಳ್ಳುವವರು ಬಣ್ಣ, ಟೈರು ನೋಡುವ ಮೊದಲು ಬಗ್ಗಿ ಈ ನಂಬರ್ ನೋಡಬೇಕು. ಅಂಕೆಗಳ ಸಾಲು ಓರೆಯಾಗಿದ್ದರೆ, ಸುತ್ತ ಮಾತ್ರ ಹೊಸ ಬಣ್ಣವಿದ್ದರೆ, ಆರ್‌ಸಿಯಲ್ಲಿರುವುದಕ್ಕೆ ಒಂದಕ್ಷರ ಹೊಂದದಿದ್ದರೆ ಅಲ್ಲಿಂದ ಹೊರಡುವುದು ಲೇಸು. ಕಳವಾದ ಗಾಡಿಗಳ ದಾಖಲೆಯಲ್ಲಿ ಅದು ಇದೆಯೇ ಎಂದು ಎನ್‌ಸಿಆರ್‌ಬಿಯ ವಾಹನ್ ಸಮನ್ವಯ ವ್ಯವಸ್ಥೆಯಲ್ಲಿ ಪರಿಶೀಲಿಸಬಹುದು.

ಇನ್ನು ಗಾಡಿ ಸಿಕ್ಕಿತು ಎಂಬ ಫೋನು ಬಂದರೆ? ಸಿಕ್ಕ ಗಾಡಿ ಮುದ್ದೆಮಾಲು. ಠಾಣೆಯ ಅಂಗಳದಲ್ಲಿ ಮಳೆಗೆ ತುಕ್ಕು ಹಿಡಿಯುತ್ತ, ಸೀಟಿನ ಮೇಲೆ ಹುಲ್ಲು ಬೆಳೆದ ಬೈಕುಗಳನ್ನು ಎಲ್ಲ ಊರಿನಲ್ಲೂ ನೋಡಿದ್ದೇವೆ. ಇದು ಸಲ್ಲದು, ಫೋಟೊ ತೆಗೆದು ಪಂಚನಾಮೆ ಮಾಡಿ ಬಾಂಡ್ ಬರೆಸಿಕೊಂಡು ಬೇಗ ಬಿಟ್ಟುಕೊಡಿ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಿಕೊಳ್ಳಬೇಕಾದವರು ನಾವೇ, ತಾನಾಗಿ ಯಾರೂ ಮನೆಗೆ ತಂದು ಬಿಡುವುದಿಲ್ಲ. ವಿಮೆಯ ಹಣ ಆಗಲೇ ಪಡೆದಿದ್ದರೆ ಗಾಡಿ ಅವರ ಸ್ವತ್ತು, ಹೇಳದೆ ತರುವಂತಿಲ್ಲ. ಗಾಡಿ ಕೈಗೆ ಬಂದ ದಿನ ಬೀಗ, ಕೀಲಿಗಳ ಸೆಟ್ಟನ್ನೇ ಬದಲಿಸಿ. ಮತ್ತು ಠಾಣೆಯಿಂದ, ಆರ್‌ಟಿಒ ಕಚೇರಿಯಿಂದ ಕಳವಿನ ದಾಖಲೆ ತೆಗೆಸಿಹಾಕುವವರೆಗೆ ಕೋರ್ಟಿನ ಆದೇಶದ ಪ್ರತಿಯನ್ನು ಡಿಕ್ಕಿಯಲ್ಲೇ ಇಟ್ಟುಕೊಳ್ಳಿ. ಇಲ್ಲವಾದರೆ ಸ್ವಾರಗೇಟಿನ ನಾಕಾಬಂದಿಯಲ್ಲಿ ನಂಬರ್ ಹೊಡೆದು ನೋಡಿದ ಹವಾಲ್ದಾರರಿಗೆ, ನಿಮ್ಮದೇ ಗಾಡಿಯ ಕಳ್ಳ ನೀವಲ್ಲ ಎಂದು ಮರಾಠಿಯಲ್ಲಿ ವಿವರಿಸಬೇಕಾದೀತು.