ಆಟದೊಳಗೊಂದು ಅಡುಗೆಮನೆ

ಬೇಸಿಗೆ ರಜೆಯಲ್ಲಿ ಸಾಂಗ್ಲಿ ಜಿಲ್ಲೆಯ ಮಿರಜಿನಲ್ಲಿರುವ ನೆಂಟರ ಮನೆಗೆ ಹೋಗಿದ್ದೆ. ಅಜ್ಜಿ ಕನ್ನಡದಲ್ಲಿ ಕೇಳಿದರೆ ಮೊಮ್ಮಗನ ಉತ್ತರ ಮರಾಠಿಯಲ್ಲಿ. ನಮ್ಮ ಮನೆಗಳಲ್ಲಿ ಮಲಯಾಳದಲ್ಲಿ ಬರುವಂತೆ.

ಅವನು ಕಂಪ್ಯೂಟರಿನಲ್ಲಿ ಆಡುತ್ತಿದ್ದುದು ‘ವೆಣ್ಬಾ’. 2023ರಲ್ಲಿ ಟೊರೊಂಟೊದ ಪುಟ್ಟ ತಂಡವೊಂದು ರಚಿಸಿದ ಆಟ. ಕೆನಡಾದಲ್ಲಿ ನೆಲೆಸಿದ ತಮಿಳು ತಾಯಿ ತವರಿನಿಂದ ತಂದ ಹರಿದ ಅಡುಗೆ ಪುಸ್ತಕ ನೋಡಿ ಆಡುವವರು ಇಡ್ಲಿ ಬೇಯಿಸಬೇಕು. ಮಗನಿಗೋ ಆ ತಮಿಳು ಓದಲು ತಡವರಿಕೆ.

ಅದೇ ವರ್ಷ ಬಂದ ಜಪಾನೀ ಚಿತ್ರಸರಣಿ ‘ಫ್ರೀರೆನ್’ ಸಹ ನೋಡತಕ್ಕದ್ದೇ. ಸಾವಿರ ವರ್ಷ ಬದುಕಿದ ಮಾಂತ್ರಿಕೆ, ಜತೆಗಾರ ತೀರಿಕೊಂಡ ಮೇಲೆ, ಅವನನ್ನು ಅರಿಯಲು ಯತ್ನಿಸಲಿಲ್ಲವಲ್ಲ ಎಂದು ಅಳುತ್ತಾಳೆ.

ಹೆತ್ತವರೇ, ಗದರಿಸದೆ ಮಕ್ಕಳ ಜತೆ ಕುಳಿತು ನೋಡಿ. ನಾನು ಹೊರಡುವ ದಿನ ಹುಡುಗ ಕೇಳಿದ: “ಅಜ್ಜೀ, ಝುಣಕಾ ಹ್ಯಾಂಗ ಮಾಡೂದು?” ಅಜ್ಜಿ ಇರುವಾಗಲೇ ಕೇಳಬೇಕಾದ ಪ್ರಶ್ನೆಯಿದು.